ಬನ್ಸ್ ಬಾಣಲೆಯ ಪಕ್ಕದ ಬೇಸ್‌ಬಾಲ್ ಮೇಜು

ಬಿಜೈ ಕಡೆ ಒಂದು ಒಳರಸ್ತೆಯಲ್ಲಿ ಎಂಟು ಮೇಜಿನ ಸಣ್ಣ ಹೋಟೆಲ್ ಉಂಟು. ಹೆಸರು ಹಾಕಬೇಡಿ, ಈಗ ಬರುವ ಜನಕ್ಕೇ ಬನ್ಸ್ ಸಾಕಾಗುವುದಿಲ್ಲ ಅಂತ ಯಜಮಾನರು ಹೇಳಿದ್ದಾರೆ. ಹಾಗಾಗಿ ಹಾಕುವುದಿಲ್ಲ. ಆದರೆ ಬರೆಯದೆ ಇರಲಿಕ್ಕೆ ಮನಸ್ಸು ಕೇಳುವುದಿಲ್ಲ. ನಾಲ್ಕು ಚಳಿಗಾಲದಿಂದ ನಾನು ಅಲ್ಲಿ ತಿಂಡಿ ತಿನ್ನುತ್ತಾ ಬೇಸ್‌ಬಾಲ್ ಸುದ್ದಿ ಕೇಳುತ್ತಾ ಇದ್ದೇನೆ. ಮಂಗಳೂರಿನಲ್ಲಿ ಈ ಎರಡೂ ಒಟ್ಟಿಗೆ ಸಿಗುವ ಬೇರೆ ಜಾಗ ನನಗೆ ಗೊತ್ತಿಲ್ಲ.

ಮೊದಲು ತಿಂಡಿ. ಬನ್ಸ್ ಎರಡಕ್ಕೆ 40 ರೂಪಾಯಿ. ಹಿಟ್ಟು ಹಿಂದಿನ ರಾತ್ರಿಯೇ ಕಲಸಿ ಇಟ್ಟದ್ದು, ತುಂಬ ಹಣ್ಣಾದ ಬಾಳೆಹಣ್ಣು, ಮೊಸರು, ಸ್ವಲ್ಪ ಜೀರಿಗೆ. ಹೊರಗೆ ಗರಿ, ಒಳಗೆ ಜೇನುಗೂಡಿನ ಹಾಗೆ ತೂತು ತೂತು. ಎಣ್ಣೆ ಹೀರಿರುವುದಿಲ್ಲ, ಕೈಗೆ ಅಂಟುವುದಿಲ್ಲ. ಬಾಣಲೆಯ ಮುಂದೆ ಕೂರುವ ಅಕ್ಕ ಒಂದೊಂದನ್ನೂ ಜಾಲರಿಯಲ್ಲಿ ಒತ್ತಿ ಉಬ್ಬಿಸುವುದನ್ನು ನೋಡುವುದೇ ಒಂದು ಚಂದ. ಸಜ್ಜಿಗೆ ಬಜಿಲ್ ಕೂಡ ಒಳ್ಳೆಯದಿರುತ್ತದೆ, ಬಜಿಲಿಗೆ ತೆಂಗಿನಕಾಯಿ ಧಾರಾಳ ಹಾಕುತ್ತಾರೆ. ಗೋಳಿಬಜೆ ಸಂಜೆ ಮಾತ್ರ. ಚಾ ಚೆನ್ನಾಗಿದೆ. ಕಾಫಿ ನನಗೆ ಹಿಡಿಸಲಿಲ್ಲ, ಸಕ್ಕರೆ ಜಾಸ್ತಿ, ಕಮ್ಮಿ ಹಾಕಿ ಅಂದರೂ ಅಷ್ಟೇ ಬರುತ್ತದೆ.

ಇನ್ನು ಮೇಜಿನ ವಿಷಯ.

ಅಡುಗೆಮನೆ ಬಾಗಿಲಿನ ಪಕ್ಕ, ಬಾಣಲೆಯ ಬಿಸಿ ತಾಗುವ ಮೂಲೆಯಲ್ಲಿ ಒಂದು ಉದ್ದ ಮೇಜು. ನವೆಂಬರಿನಿಂದ ಫೆಬ್ರವರಿಯ ತನಕ ಬೆಳಗ್ಗೆ ಆರೂವರೆಯಿಂದ ಎಂಟೂವರೆಯವರೆಗೆ ಅದು ನಮ್ಮದು. ನನ್ನದು ರಾತ್ರಿ ಪಾಳಿ, ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ಕೆಲಸ, ಆರು ಗಂಟೆಗೆ ಬಿಡುಗಡೆ. ಅಮೆರಿಕದಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ನ್ಯೂಯಾರ್ಕ್ ನಮಗಿಂತ ಹತ್ತೂವರೆ ಗಂಟೆ ಹಿಂದೆ. ನಮಗೆ ಬೆಳಗ್ಗೆ ಏಳೂವರೆ ಆದಾಗ ಅಲ್ಲಿ ರಾತ್ರಿ ಒಂಬತ್ತು. ದೊಡ್ಡ ದೊಡ್ಡ ಒಪ್ಪಂದಗಳ ಸುದ್ದಿ ಎಷ್ಟೋ ಸಲ ಅಲ್ಲಿ ರಾತ್ರಿ ಊಟದ ಹೊತ್ತಿಗೇ ಹೊರಗೆ ಬರುವುದು, ಅಂದರೆ ನಮಗೆ ಸರಿಯಾಗಿ ಎರಡನೇ ಬನ್ಸಿನ ಹೊತ್ತಿಗೆ. ವಾನ್ ಸೊಟೊ ಎಂಬ ಆಟಗಾರ ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ 15 ವರ್ಷಕ್ಕೆ 765 ಮಿಲಿಯನ್ ಡಾಲರಿಗೆ ಒಪ್ಪಿದ ಸುದ್ದಿ ಬಂದದ್ದು 2024ರ ಡಿಸೆಂಬರ್ 9ರ ಸೋಮವಾರ ಬೆಳಗ್ಗೆ. ಆ ದಿನ ನಮ್ಮ ಮೇಜಿನಲ್ಲಿ ಯಾರೂ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

ಬೇಸ್‌ಬಾಲ್ ಸೀಸನ್ ಮುಗಿದ ಮೇಲೆ ನಡೆಯುವ ಈ ಮಾತುಕತೆಗೆ ಅಮೆರಿಕದವರು ‘ಹಾಟ್ ಸ್ಟವ್ ಲೀಗ್’ ಅನ್ನುತ್ತಾರೆ. ಹಿಮ ಬೀಳುವ ಕಾಲದಲ್ಲಿ ಹಳ್ಳಿಯ ಅಂಗಡಿಗಳಲ್ಲಿ ಜನ ಒಲೆಯ ಸುತ್ತ ಕೂತು, ಯಾರನ್ನು ಮಾರುತ್ತಾರೆ, ಯಾರು ಬರುತ್ತಾರೆ, ಮುಂದಿನ ವರ್ಷ ನಮ್ಮ ತಂಡ ಏನು ಮಾಡೀತು ಅಂತ ಮಾತಾಡುತ್ತಿದ್ದರು, ಅದರಿಂದ ಬಂದ ಹೆಸರು. ಮಂಗಳೂರಿನಲ್ಲಿ ಹಿಮ ಇಲ್ಲ, ಡಿಸೆಂಬರ್ ಬೆಳಗ್ಗೆ ಒಂದು ತೆಳು ಚಳಿ ಅಷ್ಟೇ. ಆದರೆ ಒಲೆ ಉಂಟು, ಬಿಸಿ ಎಣ್ಣೆ ಉಂಟು, ಮಾತಾಡುವ ಜನ ಉಂಟು. ಹೆಸರಿಗೆ ಸರಿಯಾಗಿ ಹಾಟ್ ಸ್ಟವ್ ಇರುವ ಜಾಗ ಇದು.

ಮೇಜಿನಲ್ಲಿ ಯಾರು ಯಾರು ಅಂತ ಹೇಳುತ್ತೇನೆ. ಹೆಸರು ಬೇಡ. ಒಬ್ಬರು ನಿವೃತ್ತ ಡ್ರಿಲ್ ಮಾಸ್ಟ್ರು, ಮಗಳು ಬೋಸ್ಟನ್ ಹತ್ತಿರ ಇದ್ದಾಳೆ, ಬಾಣಂತನಕ್ಕೆ ಅಂತ ಹೋಗಿ ಆರು ತಿಂಗಳು ಕೂತು ಅಲ್ಲಿನ ತಂಡ ರೆಡ್ ಸಾಕ್ಸ್ ಹಚ್ಚಿಕೊಂಡು ಬಂದವರು. ಇನ್ನೊಬ್ಬರು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದವರು, ರಥಬೀದಿಯವರು, ನಾವೆಲ್ಲ ಬ್ಯಾಂಕ್ ಮಾಮ್ ಅಂತಲೇ ಕರೆಯುವುದು. ಅವರಿಗೆ ತಂಡ ಅಂತ ಇಲ್ಲ, ಲೆಕ್ಕದ ಮೇಲೆ ಪ್ರೀತಿ. ಕೊಟ್ಟಾರದ ಒಬ್ಬ ಎಂಜಿನಿಯರ್ ಹುಡುಗ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಕಡೆ. ಮತ್ತೆ ನಾನು, ಪಿಟ್ಸ್‌ಬರ್ಗ್ ಪೈರೇಟ್ಸ್. 2008ರಲ್ಲಿ ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಪೈರೇಟ್ಸ್ ತಂಡದ ಜೊತೆ ಒಪ್ಪಂದ ಮಾಡಿಕೊಂಡರು ಅಂತ ಪೇಪರಿನಲ್ಲಿ ಬಂದಿತ್ತು. ನಾನಾಗ ಹೈಸ್ಕೂಲು. ಇಬ್ಬರೂ ಮೇಲಿನ ಲೀಗಿಗೆ, ಅಂದರೆ ಮೇಜರ್ ಲೀಗಿಗೆ ತಲುಪಲಿಲ್ಲ, ಆದರೆ ನಾನು ಆ ತಂಡವನ್ನು ಬಿಡಲಿಲ್ಲ.

ಈ ಆಟ ಗೊತ್ತಿಲ್ಲದವರಿಗೂ ಈ ಮೇಜಿನ ಮಾತು ಅರ್ಥ ಆಗುತ್ತದೆ, ಅದಕ್ಕೆ ಕಾರಣ ಬ್ಯಾಂಕ್ ಮಾಮ್. ಅವರು ಯಕ್ಷಗಾನದ ಹುಚ್ಚಿನವರು. ಮೊದಲ ವರ್ಷ ನಾವು ಟ್ರೇಡ್, ಫ್ರೀ ಏಜೆಂಟ್ (ಬೇಕಾದ ತಂಡಕ್ಕೆ ಹೋಗಬಹುದಾದ ಆಟಗಾರ) ಅಂತ ತಲೆಕೆಡಿಸಿಕೊಂಡು ಮಾತಾಡುವಾಗ ಪಕ್ಕದ ಮೇಜಿನಿಂದ ಕೇಳಿಸಿಕೊಂಡು ಅವರು ಅಂದದ್ದು ಇಷ್ಟೇ: “ಇದು ಪತ್ತನಾಜೆ ಕಳೆದ ಮೇಲಿನ ಕಥೆ ಅಲ್ವಾ ಮಾರಾಯ?” ಹೌದು, ಅದೇ. ಮೇ ತಿಂಗಳ ಕೊನೆಗೆ ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮಳೆಗಾಲ ಪೂರ್ತಿ ಆಟ ಇಲ್ಲ. ಆಗ ಅಭಿಮಾನಿಗಳ ಬಾಯಲ್ಲಿ ಒಂದೇ ಮಾತು, ಯಾವ ಭಾಗವತರು ಯಾವ ಮೇಳಕ್ಕೆ, ಯಾವ ಸ್ತ್ರೀವೇಷ ಆ ಮೇಳ ಬಿಟ್ಟು ಈ ಮೇಳಕ್ಕೆ. ದೀಪಾವಳಿ ಕಳೆದು ತಿರುಗಾಟ ಹೊರಡುವ ತನಕ ಯಾವುದೂ ಖಾತ್ರಿ ಇಲ್ಲ. “ಎರಡು ರಾಜವೇಷ ಉಂಟು, ಸ್ತ್ರೀವೇಷಕ್ಕೆ ಜನ ಇಲ್ಲ ಅಂದರೆ ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ತರಬೇಕು,” ಅಂದರು ಮಾಮ್. ಟ್ರೇಡ್ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಲ್ಲ. ಆ ದಿನದಿಂದ ಅವರು ನಮ್ಮ ಮೇಜು.

2025ರ ಚಳಿಗಾಲದಲ್ಲಿ ಐಪಿಎಲ್ ಮಾತೂ ಸೇರಿಕೊಂಡಿತು. ಸಂಜು ಸ್ಯಾಮ್ಸನ್ ಚೆನ್ನೈಗೆ, ಜಡೇಜ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೆ ಅಂತ ನವೆಂಬರಿನಲ್ಲಿ ಆದಾಗ ಹೋಟೆಲಿನ ಎಲ್ಲ ಮೇಜಿನಲ್ಲೂ ಅದೇ ಸುದ್ದಿ. ನಮ್ಮ ಸುರತ್ಕಲ್ಲಿನಲ್ಲಿ ಬೆಳೆದ ರಾಹುಲ್ 2024ರ ಹರಾಜಿನಲ್ಲಿ 14 ಕೋಟಿಗೆ ಡೆಲ್ಲಿಗೆ ಹೋದಾಗಲೂ ಹಾಗೆಯೇ ಆಗಿತ್ತು. ಆದರೆ ಐಪಿಎಲ್‌ನಲ್ಲಿ ಎಲ್ಲಾ ತಂಡದ ಕೈಯಲ್ಲೂ ಒಂದೇ ದುಡ್ಡು, ಆ ಹರಾಜಿಗೆ 120 ಕೋಟಿ. ಬೇಸ್‌ಬಾಲಿನಲ್ಲಿ ಹಾಗಲ್ಲ. ಅಲ್ಲಿ ಸಂಬಳಕ್ಕೆ ಗಟ್ಟಿ ಮಿತಿ ಇಲ್ಲ. ಒಂದು ಗೆರೆ ಉಂಟು, 2025ಕ್ಕೆ ಅದು 241 ಮಿಲಿಯನ್ ಡಾಲರ್, ದಾಟಿದರೆ ದಂಡದ ತೆರಿಗೆ ಕಟ್ಟಬೇಕು. ಕಟ್ಟುವ ಶಕ್ತಿ ಇದ್ದವನು ಕಟ್ಟಿ ದಾಟುತ್ತಾನೆ. ಲಾಸ್ ಏಂಜಲಿಸ್ ಡಾಡ್ಜರ್ಸ್ ದಾಟುತ್ತದೆ. ಪಿಟ್ಸ್‌ಬರ್ಗ್ ಆ ಗೆರೆಯ ಹತ್ತಿರವೂ ಹೋಗುವುದಿಲ್ಲ.

ಸುದ್ದಿಯಲ್ಲಿ ಯಾವುದು ನಿಜ, ಯಾವುದು ಗಾಳಿ, ಇದನ್ನು ಬೇರ್ಪಡಿಸಲಿಕ್ಕೆ ಈ ಮೇಜು ಕಲಿಸುವಷ್ಟು ಚೆನ್ನಾಗಿ ಫೋನ್ ಕಲಿಸುವುದಿಲ್ಲ. ಈ ಹೋಟೆಲಿನ ಬಗ್ಗೆ ನನ್ನ ದೊಡ್ಡ ಮಾತು ಇದೇ. ಫೋನ್ ಹಿಡಿದು ಒಬ್ಬನೇ ಕೂತರೆ ಪ್ರತಿ ಸುದ್ದಿಯೂ ಎದೆಗೆ ಬಡಿಯುತ್ತದೆ. ಇಲ್ಲಿ ಒಬ್ಬರು ಓದುತ್ತಾರೆ, ಇನ್ನೊಬ್ಬರು ಕೇಳುತ್ತಾರೆ, ಅಷ್ಟರಲ್ಲಿ ಚಾ ಬರುತ್ತದೆ, ಮೂರನೆಯವರು ಹೌದಾ, ಹೇಳಿದ್ದು ಯಾರು, ಅಂತ ಕೇಳುತ್ತಾರೆ. ತಂಡ ಹೇಳಿತಾ, ಏಜೆಂಟ್ ಹೇಳಿದನಾ, ಯಾರೋ ಕೇಳಿಸಿಕೊಂಡು ಹೇಳಿದ್ದಾ? ಏಜೆಂಟಿಗೆ ಬೆಲೆ ಏರಬೇಕು, ಹಾಗಾಗಿ ಇನ್ನೂ ಮೂರು ತಂಡ ಕಾಯುತ್ತಿವೆ ಅಂತ ಅವನು ಹೇಳಿಯೇ ಹೇಳುತ್ತಾನೆ. ಮಾರ್ಕೆಟಿನಲ್ಲಿ ಅಂಜಲ್ ಮೀನಿಗೆ ಬೆಲೆ ಕಟ್ಟುವುದು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2023ರ ಡಿಸೆಂಬರ್ 8 ನೆನಪಿದೆಯಾ? ಜಪಾನಿನ ದೊಡ್ಡ ಆಟಗಾರ ಶೊಹೆ ಒಹ್ತಾನಿ ಅಲ್ಲಿನ ತಂಡ ಸೇರಲಿಕ್ಕೆ ಟೊರಾಂಟೊಗೆ ವಿಮಾನದಲ್ಲಿ ಹೋಗುತ್ತಿದ್ದಾನೆ ಅಂತ ಸುದ್ದಿ ಹಬ್ಬಿತು. ಕ್ಯಾಲಿಫೋರ್ನಿಯಾದಿಂದ ಹೊರಟ ಒಂದು ಖಾಸಗಿ ವಿಮಾನದ ದಾರಿಯನ್ನು ಸಾವಿರಾರು ಜನ ಫೋನಿನಲ್ಲಿ ನೋಡುತ್ತಾ ಕೂತರು, ನಾನೂ ಪಾಳಿಯ ಮಧ್ಯೆ ನೋಡಿದೆ. ವಿಮಾನ ಇಳಿಯಿತು, ಒಳಗಿದ್ದದ್ದು ಕೆನಡಾದ ಉದ್ಯಮಿ ರಾಬರ್ಟ್ ಹರ್ಜಾವೆಕ್. ಮಾರನೇ ದಿನ ಒಹ್ತಾನಿ ತಾನೇ ಇನ್‌ಸ್ಟಾಗ್ರಾಮಿನಲ್ಲಿ ಡಾಡ್ಜರ್ಸ್ ಅಂತ ಹೇಳಿದ. 10 ವರ್ಷಕ್ಕೆ 700 ಮಿಲಿಯನ್. ಅದರಲ್ಲಿ 680 ಮಿಲಿಯನ್ ಆಮೇಲೆ ಕೊಡುವುದು, ಬಡ್ಡಿ ಇಲ್ಲದೆ. ವರ್ಷಕ್ಕೆ 2 ಮಿಲಿಯನ್ ಈಗ, 2034ರಿಂದ 2043ರ ತನಕ ವರ್ಷಕ್ಕೆ 68 ಮಿಲಿಯನ್. ಬ್ಯಾಂಕ್ ಮಾಮ್ ಆ ದಿನ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆದು ತೋರಿಸಿದರು, ಹತ್ತು ವರ್ಷ ಕಳೆದು ಸಿಗುವ ದುಡ್ಡಿನ ಬೆಲೆ ಇವತ್ತು ಎಷ್ಟು ಕಮ್ಮಿ ಅಂತ. ತೆರಿಗೆ ಲೆಕ್ಕಕ್ಕೆ ಲೀಗ್ ಅದನ್ನು ವರ್ಷಕ್ಕೆ ಸುಮಾರು 46 ಮಿಲಿಯನ್ ಅಂತ ಹಿಡಿಯುತ್ತದೆ, 70 ಅಲ್ಲ. ಸೊಟೊನ 765ರಲ್ಲಿ ಹಾಗೆ ಮುಂದೂಡಿದ್ದು ಒಂದು ಡಾಲರೂ ಇಲ್ಲ. ಎರಡು ದೊಡ್ಡ ಸಂಖ್ಯೆಗಳು ಪಕ್ಕ ಪಕ್ಕ ಕಂಡರೂ ಒಂದೇ ಜಾತಿಯವಲ್ಲ. ಆ ಬಿಲ್ಲನ್ನು ಯಜಮಾನರು ಗಲ್ಲಾಪೆಟ್ಟಿಗೆಯ ಗಾಜಿನ ಅಡಿಯಲ್ಲಿ ಇಟ್ಟಿದ್ದಾರೆ, ಹೋದರೆ ನೋಡಿ.

ನಮ್ಮ ಮೇಜಿನಲ್ಲಿ ಒಂದು ನಿಯಮ ಉಂಟು. ನಿಮ್ಮ ತಂಡಕ್ಕೆ ದೊಡ್ಡ ಆಟಗಾರ ಬಂದರೆ ಆ ದಿನದ ಬನ್ಸ್ ನಿಮ್ಮ ಲೆಕ್ಕ. ಆದರೆ ವೈದ್ಯಕೀಯ ತಪಾಸಣೆ ಮುಗಿದ ಮೇಲೆ ಮಾತ್ರ. ಈ ‘ಆದರೆ’ ಸೇರಿದ್ದು 2022ರ ಡಿಸೆಂಬರಿನಲ್ಲಿ. ಕಾರ್ಲೊಸ್ ಕೊರಿಯಾ ಜೈಂಟ್ಸ್ ತಂಡಕ್ಕೆ 13 ವರ್ಷ 350 ಮಿಲಿಯನ್ ಅಂತ ಬಂತು. ಕೊಟ್ಟಾರದ ಹುಡುಗ ಅಷ್ಟು ಖುಷಿಯಲ್ಲಿ ಇದ್ದದ್ದನ್ನು ನಾನು ಮತ್ತೆ ನೋಡಿಲ್ಲ, ಇಡೀ ಹೋಟೆಲಿಗೆ ಬನ್ಸ್ ಕೊಡಿಸಿದ, ಗೊತ್ತಿಲ್ಲದವರಿಗೂ. ಒಂದು ವಾರದಲ್ಲಿ ಪತ್ರಿಕಾಗೋಷ್ಠಿ ಮುಂದೆ ಹೋಯಿತು. ಹಳೆಯ ಕಾಲಿನ ಶಸ್ತ್ರಚಿಕಿತ್ಸೆಯ ಬಗ್ಗೆ ತಂಡದ ಡಾಕ್ಟರಿಗೆ ಅನುಮಾನ. ರಾತ್ರಿ ಬೆಳಗಾಗುವಷ್ಟರಲ್ಲಿ ಮೆಟ್ಸ್ ಜೊತೆ 12 ವರ್ಷ 315 ಮಿಲಿಯನ್ ಮಾತಾಯಿತು. ಅಲ್ಲಿಯೂ ಅದೇ ಕಾಲು, ಅದೇ ಅನುಮಾನ. ಜನವರಿಯಲ್ಲಿ ಕೊನೆಗೆ ಅವನು ತನ್ನ ಹಳೆ ತಂಡ ಮಿನ್ನೆಸೋಟ ಟ್ವಿನ್ಸಿಗೇ 6 ವರ್ಷ 200 ಮಿಲಿಯನಿಗೆ ವಾಪಸ್ ಹೋದ. ಹುಡುಗ ಎರಡು ದಿನ ಹೋಟೆಲಿಗೆ ಬರಲಿಲ್ಲ. ಮೂರನೇ ದಿನ ಬಂದಾಗ ಯಜಮಾನರು ಏನೂ ಮಾತಾಡದೆ ಅವನ ಎದುರು ಒಂದು ಪ್ಲೇಟ್ ಬನ್ಸ್ ಇಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಇಂಥ ಹೋಟೆಲ್ ಅದು.

ಮಾಸ್ಟ್ರ ಕಥೆ ಇದಕ್ಕಿಂತ ಹಳೆಯದು, ನೋವು ಜಾಸ್ತಿ. ರೆಡ್ ಸಾಕ್ಸ್ ಅಭಿಮಾನಿಗಳಿಗೆ ಚಳಿಗಾಲ ಅಂದರೆ ಬೇಬ್ ರೂತ್‌ನಿಂದ ಶುರು. 1919ರ ಡಿಸೆಂಬರ್ ಕೊನೆಗೆ ಅವನನ್ನು ನ್ಯೂಯಾರ್ಕ್ ಯಾಂಕೀಸಿಗೆ ಒಂದು ಲಕ್ಷ ಡಾಲರಿಗೆ ಮಾರಿದ ಮೇಲೆ 2004ರ ತನಕ ಬೋಸ್ಟನ್ ಒಂದೂ ವರ್ಲ್ಡ್ ಸೀರೀಸ್, ಅಂದರೆ ಸೀಸನ್ನಿನ ಫೈನಲ್, ಗೆಲ್ಲಲಿಲ್ಲ. ಮಾಸ್ಟ್ರು ಸ್ವತಃ ಅನುಭವಿಸಿದ್ದು ಮೂಕಿ ಬೆಟ್ಸ್. 2020ರ ಫೆಬ್ರವರಿಯಲ್ಲಿ ಅವನನ್ನು ಡಾಡ್ಜರ್ಸಿಗೆ ಕೊಟ್ಟರು. ಮೊದಲು ಮೂರು ತಂಡದ ಟ್ರೇಡ್, ಟ್ವಿನ್ಸಿನಿಂದ ಬರಬೇಕಾಗಿದ್ದ ಎಳೆ ಪಿಚರಿನ (ಚೆಂಡು ಎಸೆಯುವವನ) ವೈದ್ಯಕೀಯ ವರದಿ ನೋಡಿ ಬೋಸ್ಟನ್ ಹಿಂದೆ ಸರಿಯಿತು, ಆಮೇಲೆ ಬೇರೆ ರೂಪದಲ್ಲಿ ಮುಗಿಯಿತು. ಬೆಟ್ಸ್ ಅಲ್ಲಿ 2020, 2024, 2025, ಮೂರು ಸಲ ಗೆದ್ದ. 2023ರ ಕೊನೆಗೆ ಕ್ರಿಸ್ ಸೇಲ್‌ನನ್ನು ಅಟ್ಲಾಂಟಾಕ್ಕೆ ಕೊಟ್ಟರು, ಮುಗಿದ ಕುದುರೆ ಅಂತ ಎಲ್ಲರೂ ಅಂದರು, ಮಾರನೇ ವರ್ಷ ಅವನು ನ್ಯಾಷನಲ್ ಲೀಗಿನ ಸೈ ಯಂಗ್ ಪ್ರಶಸ್ತಿ, ಅಂದರೆ ವರ್ಷದ ಅತ್ಯುತ್ತಮ ಪಿಚರಿಗೆ ಕೊಡುವುದು, ತೆಗೆದ. ಮಾಸ್ಟ್ರು ಅದನ್ನು ಹೇಳುವಾಗ ಈಗಲೂ ಚಾ ಲೋಟ ಕೆಳಗಿಡುತ್ತಾರೆ.

ಆದರೆ 2024ರ ಡಿಸೆಂಬರಿನಲ್ಲಿ ಅವರ ಮುಖ ಅರಳಿತು. ಪಿಚರ್ ಗ್ಯಾರೆಟ್ ಕ್ರೋಶೆ ಶಿಕಾಗೋ ವೈಟ್ ಸಾಕ್ಸಿನಿಂದ ಬಂದ. ಬದಲಿಗೆ ನಾಲ್ಕು ಎಳೆ ಹುಡುಗರು ಹೋದರು. ನಾಲ್ವರು ಜಾಸ್ತಿ ಆಯಿತು, ಅದರಲ್ಲೂ ಕೈಲ್ ಟೀಲ್ ಎಂಬ ಕ್ಯಾಚರನ್ನು ಕೊಡಬಾರದಿತ್ತು ಅಂತ ನಾನು ವಾದ ಮಾಡಿದೆ. “ಹಲಸಿನ ಮರದಲ್ಲಿ ನಾಲ್ಕು ಗುಜ್ಜೆ ಕಂಡ ಮಾತ್ರಕ್ಕೆ ನಾಲ್ಕೂ ಹಣ್ಣಾಗುವುದಿಲ್ಲ ಮಗ,” ಅಂದರು ಮಾಸ್ಟ್ರು. 2025ರಲ್ಲಿ ಕ್ರೋಶೆ 18 ಪಂದ್ಯ ಗೆದ್ದ, 255 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ. ಆ ವಾದದಲ್ಲಿ ಮಾಸ್ಟ್ರು ಗೆದ್ದರು. ಟೀಲ್ ವಿಷಯದಲ್ಲಿ ನಾನು ಹೇಳಿದ್ದಕ್ಕೆ ಇನ್ನೂ ಐದು ವರ್ಷ ಬೇಕು, ಆ ಮಾತನ್ನು ನಾನು ವಾಪಸ್ ತೆಗೆದುಕೊಂಡಿಲ್ಲ.

ನನ್ನ ಪೈರೇಟ್ಸ್ ಬಗ್ಗೆ ಬರೆಯಲೇಬೇಕು, ಯಾಕೆಂದರೆ 2025ರ ನವೆಂಬರಿನಲ್ಲಿ ಮೇಜಿನ ಅರ್ಧ ಮಾತು ಅದೇ ಆಗಿತ್ತು. ಪಿಚರ್ ಪಾಲ್ ಸ್ಕೀನ್ಸ್, ಆಗ 23 ವರ್ಷ, ತಂಡಗಳು ಹೊಸ ಹುಡುಗರನ್ನು ಆರಿಸುವ 2023ರ ಡ್ರಾಫ್ಟಿನಲ್ಲಿ ಮೊದಲನೆಯವನು, 2024ರಲ್ಲಿ ವರ್ಷದ ಹೊಸ ಆಟಗಾರ, 2025ರಲ್ಲಿ ಸರ್ವಾನುಮತದಿಂದ ಸೈ ಯಂಗ್. ಅವನ ಇಆರ್‌ಎ, ಅಂದರೆ ಫೀಲ್ಡಿಂಗ್ ತಪ್ಪಿನಿಂದ ಬಂದದ್ದು ಬಿಟ್ಟು ಒಂಬತ್ತು ಇನ್ನಿಂಗ್ಸಿಗೆ ಕೊಟ್ಟ ರನ್ನಿನ ಸರಾಸರಿ, 1.97. ಅಂಥ ಪಿಚರಿನ ಗೆಲುವು ಸೋಲು ಎಷ್ಟು ಗೊತ್ತಾ? 10 ಗೆಲುವು, 10 ಸೋಲು. ತಂಡ 71 ಗೆದ್ದು 91 ಸೋತಿತು. ಹೋಮ್ ರನ್ (ಕ್ರಿಕೆಟಿನ ಸಿಕ್ಸರ್ ಇದ್ದ ಹಾಗೆ) ಹೊಡೆಯುವುದರಲ್ಲಿ 30 ತಂಡಗಳಲ್ಲಿ ಕೊನೆ. ಭಾಗವತರು ಅಷ್ಟು ಚಂದ ಹಾಡುತ್ತಾರೆ, ಕುಣಿಯಲಿಕ್ಕೆ ವೇಷ ಇಲ್ಲ ಅಂತ ಮಾಮ್ ಹೇಳಿದರು, ನನಗೆ ಗಂಟಲು ಕಟ್ಟಿತು.

ಹಾಗಾಗಿ ಪ್ರತಿ ಬೆಳಗ್ಗೆ ಒಂದು ಹೊಸ ಸುದ್ದಿ, ಸ್ಕೀನ್ಸ್ ಅಲ್ಲಿಗೆ, ಸ್ಕೀನ್ಸ್ ಇಲ್ಲಿಗೆ. ನಾನು ಇದನ್ನು ನಂಬುವುದಿಲ್ಲ, ಕಾರಣ ಹೇಳುತ್ತೇನೆ. ಆಟಗಾರ ಮೇಲಿನ ಲೀಗಿನಲ್ಲಿ ಆರು ವರ್ಷ ಸೇವೆ ಮುಗಿಸಿದ ಮೇಲೆ ಮಾತ್ರ ಫ್ರೀ ಏಜೆಂಟ್, ತನಗೆ ಬೇಕಾದ ಕಡೆ ಹೋಗಬಹುದು. ಸ್ಕೀನ್ಸ್‌ಗೆ ಅದು 2029ರ ಸೀಸನ್ ಮುಗಿದ ಮೇಲೆ. ಮೊದಲ ಮೂರು ವರ್ಷ ತಂಡ ಅವನಿಗೆ ಕನಿಷ್ಠ ಸಂಬಳಕ್ಕೆ ಹತ್ತಿರದ ಸಂಬಳ ಕೊಟ್ಟರೆ ಸಾಕು. ಇಷ್ಟು ಕಮ್ಮಿ ದುಡ್ಡಿಗೆ ಇಷ್ಟು ಒಳ್ಳೆಯ ಪಿಚರ್ ಇರುವಾಗ ಬಡ ತಂಡವೂ ಕೊಡುವುದಿಲ್ಲ. ಮಾರುವ ಮಾತು ನಿಜವಾಗಿ ಶುರುವಾಗುವುದು ಎರಡು ವರ್ಷ ಉಳಿದಾಗ. ನಮ್ಮ ಹಿಂದಿನ ಪಿಚರ್ ಗೆರಿಟ್ ಕೋಲ್‌ಗೆ ಹಾಗೆಯೇ ಆಯಿತು. 2018ರ ಜನವರಿಯಲ್ಲಿ ಎರಡೇ ದಿನದ ಅಂತರದಲ್ಲಿ ಕೋಲ್ ಹ್ಯೂಸ್ಟನಿಗೆ, ಆಂಡ್ರೂ ಮೆಕಚನ್ ಸ್ಯಾನ್ ಫ್ರಾನ್ಸಿಸ್ಕೊಗೆ. ಮೆಕಚನ್ ಹೋದ ದಿನ ಮನೆಯಲ್ಲಿ ಯಾರಿಗೂ ಕಾರಣ ಹೇಳದೆ ನಾನು ಊಟ ಬಿಟ್ಟಿದ್ದೆ. ಆಗ ಈ ಮೇಜು ಇರಲಿಲ್ಲ. ಆ ಟ್ರೇಡಿನಲ್ಲಿ ಬಂದ ಬ್ರಯನ್ ರೇನಾಲ್ಡ್ಸ್ ಒಳ್ಳೆಯ ಆಟಗಾರ ಆದ, 2023ರಲ್ಲಿ ತಂಡ ಅವನಿಗೆ 8 ವರ್ಷಕ್ಕೆ 106.75 ಮಿಲಿಯನ್ ಕೊಟ್ಟಿತು. ಆ ಹೊತ್ತಿಗೆ ತಂಡದ ಚರಿತ್ರೆಯಲ್ಲೇ ಅದು ದೊಡ್ಡ ಒಪ್ಪಂದ. ಒಹ್ತಾನಿಯ ಪಕ್ಕ ಇಟ್ಟು ನೋಡಿ.

ಹಾಗಾದರೆ 2026ಕ್ಕೆ ಏನು? ಆಗ ನನ್ನ ಅಂದಾಜು, ಪಿಚರ್‌ಗಳು ಜಾಸ್ತಿ ಇದ್ದಾರೆ, ಸ್ಕೀನ್ಸ್ ಬಿಟ್ಟು ಒಬ್ಬಿಬ್ಬರನ್ನು ಕೊಟ್ಟು ಹೊಡೆಯುವವರನ್ನು ತರಬೇಕು, ಮಾಮ್ ಹೇಳಿದ ರಾಜವೇಷ ಸ್ತ್ರೀವೇಷದ ಲೆಕ್ಕ. ಕಾನರ್ ಗ್ರಿಫಿನ್ ಅಂತ ಆಗ 19 ವರ್ಷದ ಹುಡುಗ ಕೆಳಗಿನ ಲೀಗಿನಲ್ಲಿ ತಯಾರಾಗುತ್ತಿದ್ದ, ಅವನನ್ನು ಮಾತ್ರ ಯಾರಿಗೂ ಕೊಡಬಾರದು. 1979ರ ನಂತರ ನಾವು ವರ್ಲ್ಡ್ ಸೀರೀಸ್ ನೋಡಿಲ್ಲ. 1993ರಿಂದ 2012ರ ತನಕ ಸತತ 20 ಸೀಸನ್ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಆದರೂ ಈ ತಂಡಕ್ಕೆ ಚಳಿಗಾಲದಲ್ಲಿ ಒಮ್ಮೆ ನಿಧಿ ಸಿಕ್ಕಿದ್ದುಂಟು. 1954ರ ನವೆಂಬರಿನಲ್ಲಿ, ಬ್ರೂಕ್ಲಿನ್ ಡಾಡ್ಜರ್ಸ್ ಕೆಳಗಿನ ಲೀಗಿನಲ್ಲಿ ಇಟ್ಟಿದ್ದ ಒಬ್ಬ ಪೋರ್ಟೊ ರಿಕೊ ಹುಡುಗನನ್ನು ಪೈರೇಟ್ಸ್ ಒಂದು ಡ್ರಾಫ್ಟ್ ನಿಯಮದಲ್ಲಿ ಎತ್ತಿಕೊಂಡಿತು. ರೊಬರ್ಟೊ ಕ್ಲೆಮೆಂಟೆ. ಸರಿಯಾಗಿ 3,000 ಹಿಟ್ ಹೊಡೆದು, 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡ. ಪ್ರತಿ ವರ್ಷ ಡಿಸೆಂಬರ್ 31ರ ಬೆಳಗ್ಗೆ ನಮ್ಮ ಮೇಜಿನಲ್ಲಿ ಅವನ ಮಾತು ಬರುತ್ತದೆ. ಆ ದಿನ ಟ್ರೇಡ್ ವಿಷಯ ಯಾರೂ ಎತ್ತುವುದಿಲ್ಲ.

ಇನ್ನೊಂದು ಚಿಂತೆಯೂ ಉಂಟು. ಆಟಗಾರರ ಸಂಘ ಮತ್ತು ತಂಡದ ಮಾಲೀಕರ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಕಳೆದ ಸಲ ಮುಗಿದಾಗ 99 ದಿನ ಬಾಗಿಲು ಹಾಕಿದ್ದರು, 2021ರ ಡಿಸೆಂಬರಿನಿಂದ 2022ರ ಮಾರ್ಚ್ ತನಕ ಮೇಲಿನ ಲೀಗಿನ ಒಂದು ಟ್ರೇಡೂ ಇಲ್ಲ. ಸಂಬಳಕ್ಕೆ ಮಿತಿ ಬೇಕಾ ಬೇಡವಾ ಅಂತ ದೊಡ್ಡ ಜಗಳ ಆಗುವ ಲಕ್ಷಣ ಉಂಟು. ಹಾಗಾಗಿ 2025ರ ಚಳಿಗಾಲವನ್ನು ನಾವು ಚೆನ್ನಾಗಿ ಅನುಭವಿಸಬೇಕು ಅಂತ ಮಾಸ್ಟ್ರು ಹೇಳಿದರು, ನನಗೂ ಹಾಗೇ ಅನಿಸಿತು.

ಹೋಟೆಲಿನ ಸೇವೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಬಿಲ್ ತಂದು ಮೇಜಿನ ಮೇಲೆ ಇಟ್ಟು ಎಬ್ಬಿಸುವ ಪದ್ಧತಿ ಇಲ್ಲ. 2025ರ ನವೆಂಬರ್ 2ರ ಭಾನುವಾರ ವರ್ಲ್ಡ್ ಸೀರೀಸಿನ ಏಳನೇ ಪಂದ್ಯ, ಟೊರಾಂಟೊದಲ್ಲಿ. ನಮಗೆ ಬೆಳಗ್ಗೆ ಐದೂವರೆ ದಾಟಿ ಶುರುವಾದದ್ದು ಮುಗಿಯುವಾಗ ಹತ್ತು ಗಂಟೆ ಹತ್ತಿರ, 11 ಇನ್ನಿಂಗ್ಸ್. ನನಗೆ ರಜೆಯ ದಿನ, ಆದರೂ ಬಾಗಿಲು ತೆರೆಯುವಾಗಲೇ ಹೋಗಿ ಕೂತಿದ್ದೆ. ಸ್ಟೀಲ್ ಜಗ್ಗಿಗೆ ಫೋನ್ ಒರಗಿಸಿ ನಾಲ್ಕು ಜನ ಬಗ್ಗಿ ನೋಡುತ್ತಿದ್ದೆವು. ಭಾನುವಾರದ ಗಿರಾಕಿಗಳು ಬಾಗಿಲ ತನಕ ನಿಂತಿದ್ದರು. ಸಪ್ಲೈಯರ್ ಅಣ್ಣ ನಮ್ಮನ್ನು ಏಳಿ ಅನ್ನಲಿಲ್ಲ, ಸ್ವಲ್ಪ ಒತ್ತಿ ಕೂತುಕೊಳ್ಳಿ ಅಂದು ಒಂದು ಸಂಸಾರವನ್ನೂ ಅದೇ ಮೇಜಿಗೆ ಕೂರಿಸಿದ. ವಿಲ್ ಸ್ಮಿತ್ ಹೋಮ್ ರನ್ ಹೊಡೆದಾಗ ಆ ಸಂಸಾರದ ಸಣ್ಣ ಹುಡುಗಿಯೂ ಚಪ್ಪಾಳೆ ತಟ್ಟಿದಳು. ಡಾಡ್ಜರ್ಸ್ 5–4ರಿಂದ ಗೆದ್ದಿತು. ಕೊನೆಯ ಔಟ್ ಆದ ಕೂಡಲೇ ಮಾಸ್ಟ್ರು ಮೊದಲು ಕೇಳಿದ್ದು, ಸೋತ ತಂಡದ ಬೊ ಬಿಶೆಟ್ ಇನ್ನು ಎಲ್ಲಿಗೆ ಹೋದಾನು, ಅಂತ. ಗಂಟೆ ಹತ್ತಾಗಿರಲಿಲ್ಲ, ಚಳಿಗಾಲ ಶುರುವಾಗಿತ್ತು.

ಕೊರತೆಗಳನ್ನೂ ಹೇಳಬೇಕು. ಗಾಡಿ ನಿಲ್ಲಿಸಲಿಕ್ಕೆ ಜಾಗ ಇಲ್ಲ, ಸ್ಕೂಟರ್ ಆದರೆ ಹೇಗೋ ಆಗುತ್ತದೆ, ಕಾರು ತಂದರೆ ಕಷ್ಟ. ಒಂಬತ್ತು ಗಂಟೆ ಮೇಲೆ ಬನ್ಸ್ ಇರುವುದಿಲ್ಲ, ಭಾನುವಾರ ಅದಕ್ಕೂ ಮೊದಲೇ ಖಾಲಿ. ಚಟ್ನಿ ಹೊತ್ತು ಹೋದ ಹಾಗೆ ನೀರಾಗುತ್ತಾ ಬರುತ್ತದೆ, ಇದನ್ನು ಎರಡು ಸಲ ಹೇಳಿದ್ದೇನೆ. ನಮ್ಮ ಮೂಲೆಯಲ್ಲಿ ಫೋನ್ ನೆಟ್‌ವರ್ಕ್ ಸರಿ ಸಿಗುವುದಿಲ್ಲ, ಮುಖ್ಯ ಸುದ್ದಿ ಬರುವ ಹೊತ್ತಿಗೆ ಒಬ್ಬರು ಎದ್ದು ಬಾಗಿಲ ಹತ್ತಿರ ಹೋಗಿ ನೋಡಿ ಬರಬೇಕು. ಕೈ ತೊಳೆಯುವ ಜಾಗ ಇಕ್ಕಟ್ಟು. ಸೋಮವಾರ ಬೆಳಗ್ಗೆ ಸ್ವಲ್ಪ ತಡವಾಗಿ ತೆರೆಯುತ್ತಾರೆ, ಅದು ಯಾಕೆ ಅಂತ ಕೇಳಿದರೆ ಯಜಮಾನರು ನಗುತ್ತಾರೆ ಅಷ್ಟೇ.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಆದದ್ದು ಕಾಫಿಗೆ.

ಡಿಸೆಂಬರಿನಲ್ಲಿ ಲೀಗಿನ ಚಳಿಗಾಲದ ಸಭೆಗಳು, 2025ರದ್ದು ಒರ್ಲ್ಯಾಂಡೊದಲ್ಲಿ. 30 ತಂಡದ ಮ್ಯಾನೇಜರ್‌ಗಳು, ಏಜೆಂಟ್‌ಗಳು ಎಲ್ಲಾ ಒಂದೇ ಹೋಟೆಲಿನಲ್ಲಿ ಸೇರುತ್ತಾರೆ. ಕೈಲ್ ಟಕ್ಕರ್, ಬಿಶೆಟ್, ಜಪಾನಿನ ಮುನೆತಕ ಮುರಕಾಮಿ, ಎಲ್ಲರ ವಿಷಯವೂ 2025ರ ಸಭೆಗಳಿಗೆ ಮೊದಲು ತೆರೆದೇ ಇತ್ತು. ಸಭೆಗಳ ದಿನ ಬೆಳಗ್ಗೆ ನಾವು ಆರೂವರೆಗೆ ನಮ್ಮ ಮೇಜಿನಲ್ಲಿರುತ್ತೇವೆ. ಬೇಸ್‌ಬಾಲ್ ಗೊತ್ತಿರಬೇಕು ಅಂತ ಏನಿಲ್ಲ. ಒಳಗೆ ಬಂದು ಎಡಗಡೆ ಬಾಣಲೆಯ ಕಡೆ ನೋಡಿ, ಗೋಡೆ ಬದಿಯ ಬೆಂಚಿನಲ್ಲಿ ಇನ್ನೂ ಇಬ್ಬರಿಗೆ ಜಾಗ ಉಂಟು. ಬಂದ ಕೂಡಲೇ ಅಕ್ಕನ ಹತ್ತಿರ ಬನ್ಸ್ ಹೇಳಿಬಿಡಿ, ಆಮೇಲೆ ಕೂತುಕೊಳ್ಳಿ.